ಗೀಸರ್ ಬಿಸಿಯಾಗ್ತಿಲ್ವಾ? ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಇಷ್ಟು ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಗೀಸರ್‌ಗೆ ವರ್ಷದ ಅರ್ಧ ಭಾಗ ಕೆಲಸವೇ ಇರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕ್ ನೀರಿಗೆ ಮಧ್ಯಾಹ್ನ ಕೈ ಇಟ್ಟರೆ ಚುರುಕ್ ಅನ್ನುತ್ತದೆ, ಅದನ್ನ ಮತ್ತೆ ಯಾರು ಕಾಯಿಸ್ತಾರೆ? ಹಾಗಾಗಿ ತಿಂಗಳುಗಟ್ಟಲೆ ಸುಮ್ನೆ ಗೋಡೆಗೆ ನೇತಾಡಿಕೊಂಡಿದ್ದ ಗೀಸರ್‌ಗೆ ದೀಪಾವಳಿಯ ಎಣ್ಣೆ ಸ್ನಾನದ ದಿನ ಬೆಳಗಿನ ಜಾವ ಸ್ವಿಚ್ ಹಾಕುತ್ತೇವೆ. ಅದು ಕೈ ಕೊಡುವುದೂ ಅವತ್ತೇ. ಹಬ್ಬದ ದಿನ ಮೆಕ್ಯಾನಿಕ್ ಫೋನ್ ಎತ್ತುವುದಿಲ್ಲ, ಎತ್ತಿದರೂ "ನಾಳೆ ಬರ್ತೀನ್ರೀ" ಅನ್ನುತ್ತಾನೆ. ಆ ನಾಳೆ ಯಾವಾಗ ಬರುತ್ತದೋ ನಿಮಗೂ ಗೊತ್ತು.

ಗೀಸರ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ನ್ನ ಕರೆಸಿದ ಎಷ್ಟೋ ಮನೆಗಳಲ್ಲಿ ಗೀಸರ್ ಚೆನ್ನಾಗೇ ಇರುತ್ತದೆ. ತೊಂದರೆ ಇರುವುದು ಕರೆಂಟ್‌ನಲ್ಲಿ, ಇಲ್ಲಾಂದ್ರೆ ನೀರಿನಲ್ಲಿ. ಅದಕ್ಕೇ ಮೊದಲು ಕರೆಂಟ್, ಆಮೇಲೆ ನೀರು, ಕೊನೆಗೆ ಗೀಸರ್, ಈ ಸರದಿಯಲ್ಲೇ ನೋಡಿ. ಇಲ್ಲಿ ಹೇಳುವುದೆಲ್ಲ ಗೀಸರ್‌ನ ಮುಚ್ಚಳ ಬಿಚ್ಚದೆ ಮಾಡುವ ಕೆಲಸ. ಮುಚ್ಚಳದ ಸ್ಕ್ರೂಗೆ ಕೈ ಹಾಕಬೇಕು ಅನ್ನಿಸಿದರೆ, ಅಲ್ಲಿಗೆ ನಿಮ್ಮ ಕೆಲಸ ಮುಗೀತು ಅಂತ ತಿಳಿದುಕೊಳ್ಳಿ.

ಏನೂ ನೋಡದೆ ಬಂದ್ ಮಾಡಬೇಕಾದ ಸಂದರ್ಭಗಳೂ ಇವೆ. ನಳ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ವೈರ್ ಸುಟ್ಟ ವಾಸನೆ ಬರುತ್ತಿದೆಯಾ? ಗೀಸರ್‌ನಿಂದ ಸೋರಿದ ನೀರು ಪ್ಲಗ್ ಕಡೆ ಇಳಿಯುತ್ತಿದೆಯಾ? ಹೊರಗಿನ ಬೋರ್ಡ್‌ನಲ್ಲಿ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನಾಗೇ ಬೀಳುವ ಸ್ವಿಚ್) ಇಳಿಸಿ, ಬಚ್ಚಲಿಗೆ ಯಾರನ್ನೂ ಬಿಡಬೇಡಿ, ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿ. ಅಷ್ಟೇ. "ಸ್ವಲ್ಪ ಜುಮ್ ಅಂತದೆ, ಪರವಾಗಿಲ್ಲ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಅನ್ನುವ ಹಿರಿಯರ ಮಾತು ಕೇಳಲೇಬೇಡಿ.

ಮೊದಲು ಕರೆಂಟ್

ಗೀಸರ್ ಮೇಲಿನ ಲೈಟ್ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಎರಡು ಲೈಟ್ ಇರುತ್ತವೆ, ಒಂದು ಕರೆಂಟ್ ಬಂದಿದೆ ಅನ್ನುವುದಕ್ಕೆ, ಇನ್ನೊಂದು ಈಗ ಕಾಯುತ್ತಿದೆ ಅನ್ನುವುದಕ್ಕೆ. ನೀರು ಕಾದ ಮೇಲೆ ಎರಡನೆಯದು ತಾನಾಗೇ ಆರುತ್ತದೆ. ಅದು ಆರಿದ್ದನ್ನ ನೋಡಿ ಗೀಸರ್ ಕೆಟ್ಟಿತು ಅಂತ ಗಾಬರಿ ಬೀಳುವವರು ಬಹಳ ಜನ. ಒಂದೇ ಲೈಟ್ ಇರುವ ಮಾಡೆಲ್ ಆದರೆ, ಬಿಸಿ ನೀರಿನ ನಳ ತಿರುಗಿಸಿ ಒಂದು ಬಕೆಟ್ ಬಿಡಿ. ಒಳಗೆ ತಣ್ಣೀರು ಹೋಗಿ ಸ್ವಲ್ಪ ಹೊತ್ತಿಗೆ ಲೈಟ್ ಮತ್ತೆ ಹತ್ತಿದರೆ ಎಲ್ಲಾ ಸರಿಯಿದೆ.

ಲೈಟೇ ಇಲ್ಲಾಂದ್ರೆ ಎಂಸಿಬಿ ನೋಡಿ. ಬಿದ್ದ ಎಂಸಿಬಿ ಕೆಲವೊಮ್ಮೆ ಪೂರ್ತಿ ಕೆಳಗೆ ಬರದೆ ನಡುವೆ ನಿಂತಿರುತ್ತದೆ, ದೂರದಿಂದ ನೋಡಿದರೆ ಆನ್ ಇದ್ದ ಹಾಗೇ ಕಾಣುತ್ತದೆ. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆ ಎತ್ತಿ. ಒಂದೇ ಸಲ. ಎತ್ತಿದ ತಕ್ಷಣ ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಹಟ ಹಿಡಿದು ಎತ್ತುತ್ತಾ ಕೂರಬೇಡಿ. ಹತ್ತು ನಿಮಿಷ ಓಡಿ ಆಮೇಲೆ ಬಿದ್ದರೆ, ಎಂಸಿಬಿಯೇ ಹಳೆಯದಾಗಿರಬಹುದು ಅಥವಾ ವೈರ್ ಲೂಸ್ ಆಗಿ ಬಿಸಿಯಾಗುತ್ತಿರಬಹುದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ಹೇಳಬೇಕು.

ಬೋರ್ಡ್‌ನಲ್ಲಿ ಒಂದು ಸಣ್ಣ ಟೆಸ್ಟ್ ಬಟನ್ ಇರುವ ಅಗಲವಾದ ಸ್ವಿಚ್ ಇದ್ದರೆ ಅದು ಆರ್‌ಸಿಸಿಬಿ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ದು ಹಾಕಿರುತ್ತಾರೆ. ಅದು ಬೀಳುತ್ತಿದೆ ಅಂದ್ರೆ ಕರೆಂಟ್ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಗೀಸರ್‌ನಲ್ಲೋ ಬೇರೆ ಕಡೆಯೋ ಅಂತ ತಿಳಿಯುವುದು ಸುಲಭ: ಗೀಸರ್ ಪ್ಲಗ್ ಪೂರ್ತಿ ಕಿತ್ತು ಹೊರಗಿಡಿ, ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತರೆ ತೊಂದರೆ ಗೀಸರ್‌ನಲ್ಲಿದೆ, ಹೆಚ್ಚಿನ ಸಲ ಒಳಗೆ ನೀರು ಕಾಯಿಸುವ ಕಾಯಿಲ್ ಸೀಳು ಬಿಟ್ಟಿರುತ್ತದೆ. ನಿಲ್ಲದಿದ್ದರೆ ವೈರಿಂಗ್‌ನಲ್ಲೋ ಬೇರೆ ಸಾಮಾನಿನಲ್ಲೋ ಇದೆ, ಗೀಸರ್‌ನದೇನೂ ತಪ್ಪಿಲ್ಲ. ಕಾಟ ತಾಳಲಾರದೆ ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಲೈನ್ ಕೊಡಿಸುವವರಿದ್ದಾರೆ. ನಿಮ್ಮ ಜೀವ ಉಳಿಸೋಕೆ ಅಂತ ಆ ಡಬ್ಬಿಯಲ್ಲಿ ಇರುವುದು ಅದೊಂದೇ, ದಯವಿಟ್ಟು ಬೇಡ.

ಇನ್ನು ಪ್ಲಗ್. 2 ಕಿಲೋವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ಆದರೆ 13. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ಇದನ್ನ ತಡೆಯುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಇದ್ದರೂ ಒಳಗೆ ಹಿಡಿತ ಸಡಿಲಾಗಿ ಪಿನ್ ಕಪ್ಪಾಗಿರಬಹುದು. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ನೋಡಿ. ಪಿನ್ ಸುಟ್ಟು ಕಪ್ಪಾಗಿದೆಯಾ, ಸಾಕೆಟ್‌ನ ಪ್ಲಾಸ್ಟಿಕ್ ಕರಗಿದೆಯಾ? ಆಗಿದ್ದರೆ ಎರಡೂ ಹೊಸದು ಹಾಕಿಸಬೇಕು. ಪ್ಲಗ್ ಒಂದನ್ನೇ ಬದಲಿಸಿ ಹಳೇ ಸಾಕೆಟ್‌ಗೆ ಚುಚ್ಚಿದರೆ ಹೊಸದೂ ಸುಡುತ್ತದೆ. ಸಂಡೂರು ಕಡೆ ಕೆಂಪು ಧೂಳು ಬೀಳುವ ಊರುಗಳಲ್ಲಿ, ತಿಂಗಳುಗಟ್ಟಲೆ ಖಾಲಿ ಬಿಟ್ಟ ಸಾಕೆಟ್ ಒಳಗೆ ಏನೇನು ಸೇರಿಕೊಂಡಿರುತ್ತೋ ಹೇಳೋಕಾಗಲ್ಲ. ಇರುವೆ ಗೂಡು ಕಟ್ಟುವುದೂ ಉಂಟು.

ಇದೆಲ್ಲ ಸರಿಯಿದ್ದು, ಲೈಟೂ ಉರಿಯುತ್ತಿದ್ದು, ನೀರು ಮಾತ್ರ ಎಷ್ಟು ಹೊತ್ತಾದರೂ ಕಾಯುತ್ತಿಲ್ಲ ಅಂದ್ರೆ ವೋಲ್ಟೇಜ್ ಮೇಲೆ ಅನುಮಾನ ಪಡಿ. ಶಕ್ತಿನಗರದಲ್ಲೂ ಕುಡಿತಿನಿಯಲ್ಲೂ ಕರೆಂಟ್ ತಯಾರಾಗುವುದು ನಮ್ಮಲ್ಲೇ, ಆದರೆ ಹಳ್ಳಿ ಕಡೆ ಪಂಪ್‌ಸೆಟ್ ಓಡುವ ಹೊತ್ತಿಗೆ ಮನೆಯ ಬಲ್ಬ್ ಮಂಕಾಗುವುದು ತಪ್ಪಿಲ್ಲ. ಗೀಸರ್ ವಿಷಯದಲ್ಲಿ ಇದರ ಪೆಟ್ಟು ಜೋರು, ಯಾಕಂದ್ರೆ ಕಾಯಿಲ್‌ನ ಶಕ್ತಿ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದ ಕಡೆ 180 ವೋಲ್ಟ್ ಬಂದರೆ 2000 ವಾಟ್‌ನ ಕಾಯಿಲ್ ಸುಮಾರು 1225 ವಾಟ್‌ನಷ್ಟೇ ಕೆಲಸ ಮಾಡುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಪೂರ್ತಿ ವೋಲ್ಟೇಜ್‌ನಲ್ಲಿ 35 ನಿಮಿಷ ಸಾಕು, 180ರಲ್ಲಿ ಹತ್ತಿರ ಹತ್ತಿರ ಒಂದು ತಾಸು ಬೇಕು. ಮನೆಯಲ್ಲಿ ಸ್ಟೆಬಿಲೈಜರ್ ಇದ್ದರೆ ಅದರ ಮೀಟರ್ ನೋಡಿ. ಇಲ್ಲಾಂದ್ರೆ ಅದೇ ಗೀಸರ್ ಪಂಪ್‌ಸೆಟ್ ಓಡದ ಹೊತ್ತಿನಲ್ಲಿ ಹಾಕಿ ನೋಡಿ. ಆಗ ಬೇಗ ಕಾದರೆ ಮೆಕ್ಯಾನಿಕ್‌ಗೆ ಇಲ್ಲೇನೂ ಕೆಲಸವಿಲ್ಲ, 1912ಕ್ಕೆ ಫೋನ್ ಮಾಡಿ ನಮ್ಮ ಕಡೆ ಕರೆಂಟ್ ಕೊಡುವ ಜೆಸ್ಕಾಂಗೆ ದೂರು ಕೊಡಿ. ಪಕ್ಕದ ಮನೆಯವರೂ ಕೊಟ್ಟರೆ ಒಳ್ಳೆಯದು.

ಆಮೇಲೆ ನೀರು

ತಣ್ಣೀರು ನಳದಲ್ಲಿ ಜೋರಾಗಿ ಬರುತ್ತಿದೆ, ಬಿಸಿ ನೀರಿನ ನಳದಲ್ಲಿ ಮಾತ್ರ ಸಣ್ಣಗೆ ಬರುತ್ತಿದೆ ಅಂದ್ರೆ ತೊಂದರೆ ಗೀಸರ್‌ನ ಲೈನ್‌ನಲ್ಲಿದೆ. ಮೊದಲು ಗೀಸರ್ ಕೆಳಗೆ, ತಣ್ಣೀರು ಒಳಗೆ ಹೋಗುವ ಪೈಪಿನ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ಬೇಸಿಗೆಯಲ್ಲಿ ಯಾರೋ ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ. ಆಮೇಲೆ ಶವರ್ ತಲೆ ಬಿಚ್ಚಿ ನೋಡಿ. ಅದರ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿದ್ದರೆ ಗೀಸರ್ ಪೈಪಿನಲ್ಲೂ ಅದೇ ಇರುತ್ತದೆ.

ಎರಡೂ ನಳದಲ್ಲಿ ಸಣ್ಣಗೆ ಬಂದರೆ ಅದು ಟ್ಯಾಂಕಿನ ಎತ್ತರದ ಸಮಸ್ಯೆ. ನೀರಿನ ಒತ್ತಡ ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಒಂದೇ ಅಂತಸ್ತಿನ ಮನೆ, ಬಚ್ಚಲಿನ ನೆತ್ತಿ ಮೇಲೇ ಟ್ಯಾಂಕ್ ಇದ್ದರೆ ಸಿಗುವುದು 0.2, 0.3 ಬಾರ್ ಅಷ್ಟೇ. ಒಳಗೆ ನೀರು ತುಂಬಿಟ್ಟು ಕಾಯಿಸುವ ಸ್ಟೋರೇಜ್ ಗೀಸರ್‌ಗೆ ಇದು ನಡೆಯುತ್ತದೆ. ಗ್ಯಾಸ್ ಗೀಸರ್ ಮಾತ್ರ ಒತ್ತಡ ಸಾಲದೆ ಹತ್ತದೇ ಇರಬಹುದು.

ಟ್ಯಾಂಕ್ ಖಾಲಿಯಾಗಿ ತುಂಬಿದ ದಿನ, ಅಥವಾ ಟ್ಯಾಂಕ್ ತೊಳೆದ ದಿನ ಜಾಗ್ರತೆ. ನಳದ ನೀರು ದಿನಾ ಬರದ ಓಣಿಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಪೈಪಿನಲ್ಲಿ ಗಾಳಿ ಸೇರಿ ಬಿಸಿ ನೀರಿನ ನಳ ಬುಸ್ ಬುಸ್ ಅನ್ನುತ್ತದೆ. ಸ್ವಿಚ್ ಹಾಕಬೇಡಿ. ಬಿಸಿ ನೀರಿನ ನಳ ಪೂರ್ತಿ ತೆರೆದು, ಗಾಳಿಯೆಲ್ಲ ಹೋಗಿ ಒಂದೇ ಸಮನೆ ಧಾರೆ ಬರುವ ತನಕ ಬಿಡಿ, ಆಮೇಲೆ ಸ್ವಿಚ್. ಒಳಗೆ ನೀರಿಲ್ಲದೆ ಕಾಯಿಲ್ ಕಾದರೆ ನೋಡ ನೋಡುತ್ತಲೇ ಸುಟ್ಟು ಹೋಗುತ್ತದೆ. ತಿಂಗಳುಗಟ್ಟಲೆ ಬಂದ್ ಇದ್ದ ಗೀಸರ್‌ಗೂ ಇದೇ ಮಾತು.

ಗೀಸರ್ ಕಾಯುತ್ತಿದೆ, ಲೈಟ್ ಆರುತ್ತಿದೆ, ಆದರೂ ನಳದಲ್ಲಿ ಬರೀ ಉಗುರುಬೆಚ್ಚಗೆ ಬರುತ್ತಿದೆ ಅನ್ನುವ ದೂರು ವಿಚಿತ್ರವಾದದ್ದು, ಕಾಯಿಲ್ ಬದಲಿಸಿದರೂ ಹೋಗುವುದಿಲ್ಲ. ಇದಕ್ಕೆ ಎಷ್ಟೋ ಸಲ ಕಾರಣ ಬಿಸಿ ನೀರು, ತಣ್ಣೀರು ಎರಡನ್ನೂ ಬೆರೆಸಿ ಕೊಡುವ ಮಿಕ್ಸರ್ ನಳ. ಅದರೊಳಗಿನ ವಾಷರ್ ಸವೆದು ತಣ್ಣೀರು ಬಿಸಿ ನೀರಿನ ಪೈಪಿಗೆ ನುಗ್ಗುತ್ತಿರುತ್ತದೆ. ಪರೀಕ್ಷೆ ಹೀಗೆ: ಗೀಸರ್ ಸ್ವಿಚ್ ಆರಿಸಿ, ಅದಕ್ಕೆ ನೀರು ಹೋಗುವ ವಾಲ್ವ್ ಬಂದ್ ಮಾಡಿ, ಬಿಸಿ ನೀರಿನ ನಳ ತೆರೆಯಿರಿ. ಸ್ವಲ್ಪ ನೀರು ಬಂದು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಆ ನೀರು ಗೀಸರ್‌ದಲ್ಲ, ಯಾವುದೋ ಮಿಕ್ಸರ್‌ನಿಂದ ದಾಟಿ ಬರುತ್ತಿದೆ. ಕರೆಯಬೇಕಾದವರು ಪ್ಲಂಬರ್, ಗೀಸರ್ ಮೆಕ್ಯಾನಿಕ್ ಅಲ್ಲ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ಮತ್ತೆ ತೆರೆಯುವುದನ್ನ ಮರೆಯಬೇಡಿ.

ಇನ್ನೊಂದು, ಇದು ಕೆಟ್ಟಿದ್ದೇ ಅಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದ ನೆಂಟರು ಮನೆ ತುಂಬ ಇದ್ದಾಗ "ಗೀಸರ್ ಕೆಟ್ಟೈತಿ ನೋಡು" ಅಂತ ಅಳಿಯ ಕೂಗುತ್ತಾನೆ. 60 ಡಿಗ್ರಿಗೆ ಕಾದ 25 ಲೀಟರ್‌ಗೆ ತಣ್ಣೀರು ಬೆರೆಸಿದರೆ ಸ್ನಾನದ ಹದದ ನೀರು 50 ಲೀಟರ್ ಸಿಗುತ್ತದೆ, ಅಂದ್ರೆ ಮೂರು ಬಕೆಟ್. ನಾಲ್ಕನೆಯವರು ಅರ್ಧ ತಾಸು ಕಾಯಲೇಬೇಕು. ಅಳಿಯನನ್ನ ಮೊದಲೇ ಸ್ನಾನಕ್ಕೆ ಕಳಿಸಿ, ಮನೆಯಲ್ಲಿ ನೆಮ್ಮದಿ ಇರುತ್ತದೆ.

ಬೋರ್ ನೀರು ಮಾಡುವ ಹಾವಳಿ

ನಮ್ಮ ಕಡೆ ಗೀಸರ್ ನಿಜವಾಗಿಯೂ ಕೆಟ್ಟರೆ, ಮೊದಲು ಅನುಮಾನ ಪಡಬೇಕಾದ್ದು ಗಡಸು ನೀರಿನ ಮೇಲೆ. ಕುಡಿಯುವ ನೀರಿನ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತದೆ ಅಂತ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಸ್ಟೀಲ್ ಬಕೆಟ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ ಅಂದ್ರೆ ಅಳತೆ ಮಾಡಿಸುವುದೇ ಬೇಡ, ಗೀಸರ್ ಒಳಗೆ ಏನಾಗುತ್ತಿದೆ ಅಂತ ಊಹಿಸಬಹುದು. ನೀರು ಕಾದಂತೆ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ ಕಾಯಿಲ್‌ಗೆ ಗಾರೆ ಮೆತ್ತಿದ ಹಾಗೆ ಅಂಟುತ್ತದೆ. ಶಾಖ ಆ ಪದರ ದಾಟಿ ನೀರಿಗೆ ಹೋಗಲಾರದೆ ಕಾಯಿಲ್ ತನ್ನ ಬಿಸಿಗೆ ತಾನೇ ಸುಡುತ್ತದೆ.

ಇದು ಹೊರಗಿನಿಂದಲೇ ಗೊತ್ತಾಗುತ್ತದೆ. ಕಾಯುವಾಗ ಗೀಸರ್ ಒಳಗೆ ಪಟಪಟ, ಗುರ್ ಅಂತ ಸದ್ದು. ಮೊದಲು ಅರ್ಧ ತಾಸಿಗೆ ಕಾಯುತ್ತಿದ್ದದ್ದು ಈಗ ಜಾಸ್ತಿ ಹೊತ್ತು. ನಳದಲ್ಲಿ ಬಿಳಿ ಪುಡಿ, ಹರಳಿನಂಥ ಚೂರು. ಈ ಮೂರರಲ್ಲಿ ಎರಡು ಇದ್ದರೂ ಮೆಕ್ಯಾನಿಕ್‌ಗೆ "ಸರ್ವೀಸ್ ಮಾಡಿ, ಸುಣ್ಣ ತೆಗೀರಿ" ಅಂತ ನೇರವಾಗಿ ಹೇಳಿ. ಕಾಯಿಲ್ ಹೋಗಿದೆಯೋ ಇಲ್ಲವೋ ಅವರು ಬಿಚ್ಚಿದ ಮೇಲೆ ನೋಡಲಿ. ಹಾಗೇ ಮೆಗ್ನೀಸಿಯಂ ಕಡ್ಡಿ ಉಳಿದಿದೆಯಾ ನೋಡಲು ಹೇಳಿ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಒಳಗೆ ಹಾಕಿರುವ ಕಡ್ಡಿ ಅದು, ಟ್ಯಾಂಕಿನ ಬದಲು ತಾನು ಕರಗುತ್ತದೆ. ಅದು ಪೂರ್ತಿ ಕರಗಿದ ಮೇಲೆ ಟ್ಯಾಂಕಿನ ಸರದಿ. ನೀರು ಕೆಂಪಗೆ ಬರುತ್ತಿದ್ದರೆ ಆ ಸರದಿ ಶುರುವಾಗಿರಬಹುದು. ಆದರೆ ಮಳೆಗಾಲದಲ್ಲಿ ಹೊಳೆ ನೀರೇ ಕೆಂಪಗಿರುತ್ತದೆ, ಹಾಗಾಗಿ ತಣ್ಣೀರು ನಳದ ನೀರನ್ನೂ ಪಕ್ಕದಲ್ಲಿ ಹಿಡಿದು ನೋಡಿ.

ನೀವೇ ಮಾಡಬಹುದಾದ್ದು ಒಂದಿದೆ. ನೀರು ಎಷ್ಟು ಬಿಸಿಯಾದ ಮೇಲೆ ಕರೆಂಟ್ ನಿಲ್ಲಬೇಕು ಅಂತ ನೋಡಿಕೊಳ್ಳುವ ಥರ್ಮೋಸ್ಟ್ಯಾಟ್‌ನ ತಿರುಗುಣಿ ಹೊರಗೆ ಇದ್ದರೆ ಅದನ್ನ 50, 55ಕ್ಕೆ ಇಳಿಸಿ. ಬಿಸಿ ಜಾಸ್ತಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 75ಕ್ಕೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದರಲ್ಲಿ ಏನೂ ಲಾಭ ಇಲ್ಲ, ಅಲ್ವಾ?

ಬೋರ್ ಬಿಟ್ಟು ಬೇರೆ ನೀರೇ ಇಲ್ಲದ ಮನೆಗೆ ವರ್ಷಕ್ಕೊಮ್ಮೆ, ದಸರಾ ಹೊತ್ತಿಗೆ ಸರ್ವೀಸ್ ಮಾಡಿಸುವುದು ಖರ್ಚಲ್ಲ. ಆ ದಿನಗಳಲ್ಲಿ ಮೆಕ್ಯಾನಿಕ್‌ಗೂ ಪುರುಸೊತ್ತು ಇರುತ್ತದೆ.

ಸೋರುವಿಕೆ

ಸೋರುತ್ತಿದೆ ಅಂದ ಕೂಡಲೇ ಹೊಸ ಗೀಸರ್‌ಗೆ ಹೋಗಬೇಡಿ, ಎಲ್ಲಿಂದ ಅಂತ ನೋಡಿ. ಪೈಪ್ ಜಾಯಿಂಟ್‌ನಿಂದ ಆದರೆ ಸಣ್ಣ ಕೆಲಸ. ಸೇಫ್ಟಿ ವಾಲ್ವ್‌ನಿಂದ ಕಾಯುವ ಹೊತ್ತಿನಲ್ಲಿ ಮಾತ್ರ ನಾಲ್ಕು ಹನಿ ಬಿದ್ದರೆ ಅದು ಅದರ ಕೆಲಸವೇ, ಕಾದ ನೀರು ಹಿಗ್ಗಿದಾಗ ಒತ್ತಡ ಬಿಡಬೇಕಲ್ಲ. ಇಡೀ ದಿನ ಹನಿಯುತ್ತಿದ್ದರೆ ಅದರಲ್ಲಿ ಸುಣ್ಣ ಸಿಕ್ಕಿಕೊಂಡಿದೆ ಅಥವಾ ಪ್ರೆಶರ್ ಪಂಪ್‌ನ ಒತ್ತಡ ಜಾಸ್ತಿಯಾಗಿದೆ, ಸರಿಮಾಡಿಸಬೇಕು. ಹನಿ ನಿಲ್ಲಿಸೋಕೆ ಅಂತ ಆ ತೂತಿಗೆ ಬಿರಡೆ ಜಡಿದರೆ ಗೀಸರ್ ಬಾಂಬ್ ಆಗುತ್ತದೆ. ಇದು ಬರೀ ಮಾತಿಗೆ ಹೇಳಿದ್ದಲ್ಲ. ಗೀಸರ್‌ನ ಹೊಟ್ಟೆಯಿಂದಲೇ, ಹೊರ ಕವಚದ ಸಂದಿಯಿಂದ ನೀರು ಬರುತ್ತಿದ್ದರೆ ಒಳಗಿನ ಟ್ಯಾಂಕ್ ತೂತಾಗಿರಬಹುದು. ಹಾಗಿದ್ದರೆ ವೆಲ್ಡಿಂಗ್ ಗಿಲ್ಡಿಂಗ್ ಅಂತ ದುಡ್ಡು ಹಾಕಬೇಡಿ. ಟ್ಯಾಂಕ್‌ಗೆ ಬೇರೆಯಾಗಿ, ಉಳಿದ ಭಾಗಕ್ಕಿಂತ ಜಾಸ್ತಿ ವರ್ಷ ವಾರಂಟಿ ಕೊಟ್ಟಿರುತ್ತಾರೆ, ಮೊದಲು ಆ ಕಾರ್ಡ್ ಹುಡುಕಿ.

ಗ್ಯಾಸ್ ಗೀಸರ್, ಸೋಲಾರ್ ಇದ್ದವರಿಗೆ

ಗ್ಯಾಸ್ ಗೀಸರ್ ಹತ್ತುತ್ತಿಲ್ಲ ಅಂದ್ರೆ ಮೊದಲು ಬ್ಯಾಟರಿ ಬದಲಿಸಿ. ಹೆಚ್ಚಿನವುಗಳಲ್ಲಿ ಎರಡು ದಪ್ಪ ಸೆಲ್ ಇರುತ್ತವೆ. ನಳ ತೆರೆದಾಗ ಟಕ್ ಟಕ್ ಸದ್ದೇ ಬರದಿದ್ದರೆ ಸೆಲ್ ಹೋಗಿದೆ ಅಥವಾ ನೀರಿನ ಒತ್ತಡ ಸಾಲದು. ಸದ್ದು ಬಂದೂ ಬೆಂಕಿ ಹತ್ತದಿದ್ದರೆ ಸಿಲಿಂಡರ್ ನೋಡಿ. ಉರಿ ನೀಲಿ ಇರಬೇಕು. ಹಳದಿಯಾಗಿದ್ದರೆ ಬಂದ್ ಮಾಡಿ ಮೆಕ್ಯಾನಿಕ್‌ಗೆ ಹೇಳಿ, ಅದು ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರಬಹುದು. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಕೆಡದೆ ಚೆನ್ನಾಗಿದ್ದರೂ ಹೊರಗೆ ಹಾಕಿಸಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸೋಲಾರ್‌ಗೆ ಬಿಸಿಲಿನ ಕೊರತೆ ನಮ್ಮಲ್ಲಿಲ್ಲ. ಮೋಡವಿಲ್ಲದ ದಿನವೂ ನೀರು ಬೆಚ್ಚಗಾಗದಿದ್ದರೆ ಗಾಜಿನ ಕೊಳವೆಗಳ ಕೆಳತುದಿ ನೋಡಿ. ಅಲ್ಲಿ ಬೆಳ್ಳಿ ಬಣ್ಣ ಇರಬೇಕು. ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ, ಅದೊಂದನ್ನ ಬದಲಿಸಿದರೆ ಸಾಕು. ಧೂಳು ಕೂತಿದ್ದರೆ ಒರೆಸಿ, ಆದರೆ ಬೆಳಿಗ್ಗೆ ಬಿಸಿಲೇರುವ ಮುಂಚೆ. ಮಧ್ಯಾಹ್ನ ನೀರಿಲ್ಲದೆ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ.

ಮೆಕ್ಯಾನಿಕ್‌ನ್ನ ಕರೆಯುವಾಗ

"ಗೀಸರ್ ಕೆಟ್ಟಿದೆ, ಬನ್ನಿ" ಅನ್ನಬೇಡಿ. ಎಷ್ಟು ಲೀಟರ್, ಎಷ್ಟು ವರ್ಷದ್ದು, ಯಾವ ಲೈಟ್ ಉರಿಯುತ್ತಿದೆ, ಎಂಸಿಬಿ ಬೀಳುತ್ತಿದೆಯೋ ಆರ್‌ಸಿಸಿಬಿಯೋ, ತಕ್ಷಣವೋ ಹತ್ತು ನಿಮಿಷದ ಮೇಲೋ, ಬೋರ್ ನೀರೋ ಹೊಳೆ ನೀರೋ, ಇಷ್ಟು ಹೇಳಿ. ಹೆಸರು, ಮಾಡೆಲ್ ಬರೆದ ಸ್ಟಿಕ್ಕರ್‌ನ ಫೋಟೋ ಕಳಿಸಿ. ಆಗ ಅವರು ಬರುವಾಗಲೇ ಸಾಮಾನು ತರುತ್ತಾರೆ, ಇಲ್ಲಾಂದ್ರೆ ಒಮ್ಮೆ ಬಂದು ನೋಡಿ, ಇನ್ನೊಮ್ಮೆ ಬಂದು ಹಾಕಿ, ಎರಡು ಸಲದ ದುಡ್ಡು. ಬರುವ ಮುಂಚೆಯೇ ಬಂದು ನೋಡೋಕೆ ಎಷ್ಟು ಅಂತ ಕೇಳಿ. ವಾರಂಟಿ ಇದ್ದರೆ ಹೊರಗಿನವರಿಂದ ಬಿಚ್ಚಿಸಬೇಡಿ, ಕಂಪನಿಯವರೇ ಬರಲಿ.

ಬಂದ ಮೇಲೆ ಒಂದು ಮಾತಿಗೆ ಮಾತ್ರ ಒಪ್ಪಬೇಡಿ. "ಥರ್ಮೋಸ್ಟ್ಯಾಟ್ ಹೋಗೈತ್ರೀ, ಸದ್ಯಕ್ಕೆ ಡೈರೆಕ್ಟ್ ಮಾಡಿ ಕೊಡ್ತೀನಿ" ಅನ್ನುವ ಮಾತು. ಅಂದ್ರೆ ನೀರು ಎಷ್ಟೇ ಕಾದರೂ ಕರೆಂಟ್ ನಿಲ್ಲಿಸುವವರು ಯಾರೂ ಇಲ್ಲ ಅಂತ ಆಯಿತು. ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಕಟ್‌ಔಟ್ ಮೇಲಿಂದ ಮೇಲೆ ಬೀಳುತ್ತಿದ್ದರೂ ಅಷ್ಟೇ, ಬಟನ್ ಒತ್ತಿ ಹೋಗುವುದಲ್ಲ, ಯಾಕೆ ಬಿತ್ತು ಅಂತ ನೋಡಬೇಕು. ಸಾಮಾನು ಸಿಗಲು ಎರಡು ದಿನ ಆಗುತ್ತದಾ? ಆಗಲಿ, ಎರಡು ದಿನ ಹಂಡೆಯಲ್ಲಿ ಕಾಯಿಸಿಕೊಳ್ಳಿ. ತೆಗೆದ ಹಳೇ ಕಾಯಿಲ್ ತೋರಿಸಲು ಕೇಳಿ. ಅರ್ಥಿಂಗ್ ಸರಿಯಿದೆಯಾ ಅಂತ ಅವರ ಕೈಯಲ್ಲೇ ಚೆಕ್ ಮಾಡಿಸಿ, ಮೆಕ್ಯಾನಿಕ್ ಮನೆಯಲ್ಲಿ ಇರುವಾಗಲೇ ಒಮ್ಮೆ ಪೂರ್ತಿ ಕಾಯಿಸಿ, ಲೈಟ್ ತಾನಾಗೇ ಆರುವುದನ್ನ ನೋಡಿಯೇ ದುಡ್ಡು ಕೊಡಿ.

ಅಲ್ಲಿಯ ತನಕ ನೀರು ಕಾಯಿಸುವ ರಾಡ್ ಬಳಸುವುದಾದರೆ ಅದನ್ನ ಬಕೆಟ್‌ನ ನೀರಿನೊಳಗೆ ಇಟ್ಟ ಮೇಲೆ ಸ್ವಿಚ್ ಹಾಕಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಕಾದಿದೆಯಾ ಅಂತ ನಡುವೆ ಬೆರಳು ಅದ್ದಿ ನೋಡಬೇಡಿ, ಮಕ್ಕಳಿರುವ ಮನೆಯಾದರೆ ಬಚ್ಚಲಿಗೆ ಹೊರಗಿಂದ ಚಿಲಕ ಹಾಕಿ.